ನಗುಮುಖದ ಅಂಬಮ್ಮನಿಗೆ ಕಾಯಿಲೆ ಬಂದದ್ದು

ಅಂಬಮ್ಮನ ನಗುವಿನ ಕೂಲಿ ಇನ್ನೂ ಬಾಕಿ ಇದೆ.

ಸೊಪ್ಪು ಕೊಯ್ದದ್ದಕ್ಕೆ ಕೂಲಿ ಬಂದಿದೆ. ಹುಳ ಆಯ್ದದ್ದಕ್ಕೂ, ಅಲೆದಾಡಿಸಿಯಾದರೂ, ಬಂದಿದೆ. ಆದರೆ ನಂಜಪ್ಪನ ಹೆಂಡತಿ ಚನ್ನಬಸಮ್ಮ ಕೋಳಿ ಕೂಗುವ ಮೊದಲೇ ಅವಳ ಬಾಗಿಲಿಗೆ ಬಂದು ಕರೆಯುತ್ತಿದ್ದದ್ದು ಅವಳ ಕೈಯನ್ನಲ್ಲ, ಮುಖವನ್ನು. ಆ ಮುಖದ ಬಾಬ್ತು ಅವಳಿಗೆ ದಕ್ಕಿದ್ದು ಬಾಳೆಹಣ್ಣು, ಎಲೆ ಅಡಿಕೆ, ಯಾವುದೋ ಹಬ್ಬಕ್ಕೆ ಒಂದು ರವಿಕೆ ಕಣ. ಅಷ್ಟಕ್ಕೆ ಋಣ ತೀರಿತು ಎಂದು ಕೊಟ್ಟವರು ತಿಳಿದಿದ್ದಾರೆ. ತೀರಿಲ್ಲ.

ದೊಡ್ಡಆಲಹಳ್ಳಿ ದಾಟಿ ಒಳಕ್ಕೆ ಹೋದರೆ ಸಿಗುವ ಹಟ್ಟಿಯಲ್ಲಿ ಅಂಬಮ್ಮನ ಮನೆ. ಗಂಡ ಬೀರಲಿಂಗಯ್ಯ ಕುರಿ ಸಾಕುವವನು. ಅವಳು ಮಾಗಡಿ ಸೀಮೆಯ ಹೆಣ್ಣು, ಕೆಂಪಾಪುರದ ಹತ್ತಿರದ ತೌರು. ಮೇಲಿನ ಹಲ್ಲು ತುಸು ಮುಂದು. ತುಟಿ ಮುಚ್ಚಿದರೂ ಪೂರ್ತಿ ಮುಚ್ಚುತ್ತಿರಲಿಲ್ಲ. ಎರಡೂ ಕೆನ್ನೆಯಲ್ಲಿ ಗುಳಿ. ಸುಮ್ಮನೆ ನಿಂತರೂ ನಕ್ಕಂತೆ ಕಾಣುವ ಮುಖ. ಅದರ ಮೇಲೆ ಅವಳ ತಾಯಿ ಕಲಿಸಿದ್ದು ಬೇರೆ. ಗಂಡ ಸತ್ತ ಹೆಂಗಸು ಆ ತಾಯಿ. ಮಗಳನ್ನು ಎಳೆದುಕೊಂಡು ಕಂಡವರ ಬಾಗಿಲಲ್ಲಿ ಕೂಲಿ ಕೇಳಲು ನಿಲ್ಲುವಾಗ, ಸೆರಗಿನ ಮರೆಯಲ್ಲಿ ಆ ಹುಡುಗಿಯ ತೊಡೆ ಚಿವುಟಿ ಹೇಳುತ್ತಿದ್ದಳು: "ನಗು. ಅಳ್ತಾ ನಿಂತ್ರೆ ತಂಗಳಿಕ್ಕಿ ಕಳಿಸ್ತಾರೆ. ನಗ್ತಾ ನಿಂತ್ರೆ ಕೆಲ್ಸಕ್ಕೆ ಕರೀತಾರೆ."

ಚಿವುಟಿಸಿಕೊಂಡು ಕಲಿತ ನಗು ಅದು. ಕುಡುಗೋಲು, ಮಂಕರಿ ಇದ್ದ ಹಾಗೆ ಅದೂ ಒಂದು ದುಡಿಮೆಯ ಸಾಮಾನು. ಮದುವೆಯಾಗಿ ಬಂದ ಮೇಲೂ ಅದನ್ನು ಮೊಳೆಗೆ ನೇತುಹಾಕಲು ಅವಳಿಗೆ ಪುರುಸೊತ್ತಾಗಲಿಲ್ಲ. ಹೆರಿಗೆ ನೋವು ಕಾಣಿಸಿಕೊಂಡ ದಿನ ಸೂಲಗಿತ್ತಿ ಅವಳ ಮುಖ ನೋಡಿ, "ಇನ್ನೂ ಟೈಮೈತೆ, ಹಲ್ಲು ಕಿಸೀತಾವ್ಳೆ" ಎಂದು ಜಗಲಿಗೆ ಹೋಗಿ ಎಲೆ ಅಡಿಕೆ ಹಾಕಿಕೊಂಡು ಕೂತಳು. ಅವಳು ಉಗಿದು ಒಳಗೆ ಬರುವಷ್ಟರಲ್ಲಿ ಮಗಳು ಚಾಪೆಯ ಮೇಲಿದ್ದಳು. ಈ ಕತೆಯನ್ನು ಹಟ್ಟಿಯವರು ವರ್ಷಗಟ್ಟಲೆ ಹೇಳಿಕೊಂಡು ನಕ್ಕರು. ಆ ಮಗಳು ಬೆಳೆದು ಚನ್ನಪಟ್ಟಣದ ಕಡೆಗೆ ಮದುವೆಯಾಗಿ ಹೋಗುವಾಗಲೂ ನಕ್ಕರು. ಅಂಬಮ್ಮನೂ ಜೊತೆಗೆ ನಕ್ಕಳು. ಒಬ್ಬಳೇ ಹೆತ್ತ ಆ ಹೊತ್ತು ಅವಳಿಗೆ ಹೇಗಿತ್ತು ಎಂದು ಕೇಳಿದವರು ಯಾರೂ ಇಲ್ಲ.

ನಮ್ಮ ಕಡೆ ಒಬ್ಬರ ಆರೋಗ್ಯ ವಿಚಾರಿಸುವುದೆಂದರೆ ಮುಖ ನೋಡುವುದು. 'ಗೆಲುವಾಗವ್ನೆ' ಅಂದರೆ ಚೆನ್ನಾಗಿದ್ದಾನೆ. 'ಸಪ್ಪಗವ್ನೆ' ಅಂದರೆ ಏನೋ ಕಾಯಿಲೆ. ಗೆಲುವು ಅಂದರೆ ನಗು, ಗೆಲುವು ಅಂದರೆ ಆರೋಗ್ಯ, ಗೆಲುವು ಅಂದರೆ ಗೆದ್ದದ್ದು ಕೂಡ. ಮೂರಕ್ಕೂ ಒಂದೇ ಮಾತು ಇಟ್ಟುಕೊಂಡವರು ಒಂದನ್ನು ಕಂಡರೆ ಸಾಕು, ಮಿಕ್ಕವೂ ಒಳಗೆ ಇವೆ ಎಂದು ಬಾಗಿಲು ತಟ್ಟದೆ ಹೊರಟುಹೋಗುತ್ತಾರೆ.

ಅಂಬಮ್ಮನ ವಾರಗಿತ್ತಿ ಶಿವಲಕ್ಷ್ಮಿಯದು ಇದಕ್ಕೆ ಪೂರಾ ಉಲ್ಟಾ. ಬೀರಲಿಂಗಯ್ಯನ ತಮ್ಮ ಚಿಕ್ಕರಾಜುವಿನ ಹೆಂಡತಿ. ಹುಬ್ಬು ಗಂಟು, ಬಾಯಿಯ ಕೊನೆ ಕೆಳಕ್ಕೆ ಜೋತಿದ್ದು, ಈಗಷ್ಟೇ ಯಾರನ್ನೋ ಮಣ್ಣು ಮಾಡಿ ಬಂದಂಥ ಮುಖ. ಆಳು ಮಾತ್ರ ಕಲ್ಲಿನಂತೆ. ಒದ್ದೆ ಸೊಪ್ಪಿನ ಹೊರೆಯನ್ನು ಯಾರ ಕೈಯನ್ನೂ ಕೇಳದೆ ತಲೆಗೇರಿಸುವಳು. ಆದರೂ ಬೀದಿಗೆ ಬಂದರೆ ಸಾಕು, "ಯಾಕಮ್ಮಿ, ಜ್ವರವಾ? ಒಸಿ ಮನೀಕ್ಕೊಬಾರ್ದಾ?"

"ಜ್ವರನೂ ಇಲ್ಲ, ಗಿರನೂ ಇಲ್ಲ. ನಮ್ಮವ್ವ ಕೊಟ್ಟಿರೋ ಮೋರೆ ಇದು. ನಿಮ್ಮತ್ರ ಬ್ಯಾರೆ ಇದ್ರೆ ತಕ್ಕೊಂಡ್ಬನ್ನಿ, ಬದಲಾಯಿಸ್ಕತೀನಿ."

ಹೀಗೆ ಬೈದರೂ ಅವಳಿಗೆ ನೆರಳು ಸಿಗುತ್ತಿತ್ತು. ಭಾರ ಎತ್ತುವ ಕೆಲಸ ಬಂದಾಗ ಕೂಲಿ ಕರೆಯುವ ಮೇಸ್ತ್ರಿ, "ನೀ ಕೂತ್ಕೊಳಮ್ಮ, ಅಂಬಮ್ಮ ಅವ್ಳಲ್ಲ, ಗೆಲುವಾಗವ್ಳೆ" ಅನ್ನುತ್ತಿದ್ದ. ಅಂಬಮ್ಮ ನಗುತ್ತಾ ಎತ್ತುತ್ತಿದ್ದಳು.

ನಂಜಪ್ಪನದು ರೇಷ್ಮೆ ಸಾಗುವಳಿ. ಹಿಪ್ಪುನೇರಳೆ ತೋಟದ ಮಧ್ಯೆ ಶೀಟು ಹಾಕಿದ ಉದ್ದನೆಯ ಹುಳಮನೆ. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತದೆ. ಅದಕ್ಕೆ ಸಾಗುವಳಿ ಮಾಡುವವರೆಲ್ಲ ಜ್ವರ ಅನ್ನುತ್ತಾರೆ. ಹುಳ ಜ್ವರಕ್ಕೆ ಕೂತರೆ ಚನ್ನಬಸಮ್ಮ ಸೊಪ್ಪು ಹಾಕಿಸುವುದಿಲ್ಲ, ಗಟ್ಟಿಯಾಗಿ ಕೆಮ್ಮಲೂ ಬಿಡುವುದಿಲ್ಲ. ಅಷ್ಟು ನಿಗಾ. ಆಮೇಲೆ ಹುಳ ಹಣ್ಣಾಗಿ, ಮೈ ಹಳದಿಗಟ್ಟಿ, ಗೂಡು ಕಟ್ಟಲು ಜಾಗ ಹುಡುಕುವ ದಿನ ಅದನ್ನು ಆಯ್ದು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಚನ್ನಬಸಮ್ಮನ ಮನೆಯಲ್ಲಿ ಮೊದಲ ಹಿಡಿ ಬಿಡುವವರು ನಗುಮುಖದವರೇ ಆಗಬೇಕು.

ಇದಕ್ಕೊಂದು ಕಾರಣ ಇತ್ತು. ಒಂದು ಬೆಳೆಯಲ್ಲಿ ಅಂಬಮ್ಮ ತೌರಿಗೆ ಹೋಗಿದ್ದಳು. ಶಿವಲಕ್ಷ್ಮಿ ಬಂದು ಮೊದಲ ಹಿಡಿ ಬಿಟ್ಟಳು. ಆ ಬೆಳೆಗೆ ಸಪ್ಪೆ ರೋಗ ಬಡಿದು ಹುಳ ಮೆತ್ತಗಾಗಿ, ಕಪ್ಪಾಗಿ, ನಾರಿಹೋಯಿತು. ಹುಳಕ್ಕೆ ಬರುವ ಒಂದು ರೋಗದ ಹೆಸರೇ ಸಪ್ಪೆ. ಕಾವು ಹೆಚ್ಚಿದ್ದರಿಂದ, ಒದ್ದೆ ಸೊಪ್ಪು ಹಾಕಿದ್ದರಿಂದ ಬರುವಂಥದ್ದು. ಚನ್ನಬಸಮ್ಮನ ಲೆಕ್ಕ ಬೇರೆ: "ಸಪ್ಪೆ ಮಕದವಳು ಕೈಯಿಟ್ಲು, ನನ್ ಹುಳಕ್ಕೆ ಸಪ್ಪೆ ಬುಟ್ಟೋದ್ಲು." ಒಂದು ಮಾತು ಎರಡು ಕಡೆ ಇದೆ ಅನ್ನುವುದೊಂದೇ ಸಾಕ್ಷಿ. ಆ ಸಾಕ್ಷಿಯ ಮೇಲೆ ಶಿವಲಕ್ಷ್ಮಿಗೆ ಹುಳಮನೆಯ ಬಾಗಿಲು ಮುಚ್ಚಿತು. ಅಂಬಮ್ಮನಿಗೆ ಮುಖ ಇಳಿಸುವ ಹಕ್ಕು ಹೋಯಿತು.

ಬೀರಲಿಂಗಯ್ಯನ ಕಡೆಗೆ ಬರೋಣ. ಕುರಿಯ ಕಾಯಿಲೆ ಹಿಡಿಯುವುದರಲ್ಲಿ ಅವನನ್ನು ಮೀರಿಸುವವರು ಆ ಸುತ್ತಿನಲ್ಲಿಲ್ಲ ಎಂದು ಅವನೇ ನಂಬಿದ್ದ, ಊರೂ ನಂಬಿತ್ತು. ಕನಕಪುರದಿಂದ ಕುರಿ ಕೊಳ್ಳಲು ಬರುವ ಅಸ್ಗರ್ ಕೂಡ ನಂಬಿದ್ದ. ಒಂದು ಸಲ ಅಸ್ಗರ್ ರೊಪ್ಪದ ಬೇಲಿಗೆ ಒರಗಿ ಒಂದು ಹೆಣ್ಣುಕುರಿಯತ್ತ ಕೈ ಮಾಡಿದ.

"ಅದನ್ನ ಕೊಡು ಬೀರಣ್ಣ. ಏನ್ ಠೀವಿಯಾಗಿ ನಿಂತೈತೆ ನೋಡು."

"ಅದು ನಿನ್ನ ನೋಡಿ ಠೀವಿ ಮಾಡ್ತಾ ಐತೆ ಕಣ್ಲಾ. ಕುರಿ ಕಳ್ಳ ಮುಂಡೇದು. ನಾಯಿ ಕಂಡ್ರೆ ಸಾಯೋ ಕುರಿನೂ ತಲೆ ಎತ್ತಿ ನಿಲ್ತದೆ. ಬಿದ್ದಿರೋದನ್ನೇ ಮೊದ್ಲು ಹಿಡೀತದೆ ನಾಯಿ ಅಂತ ಅದ್ಕೆ ಗೊತ್ತು. ಅದ್ಕೆ ತಿಳೀದಂಗೆ ಮರೇಲಿ ನಿಂತು ನೋಡ್ಬೇಕು."

ಬೀರಲಿಂಗಯ್ಯ ಒಳಗೆ ಹೋಗಿ ಆ ಕುರಿಯ ದವಡೆ ಹಿಡಿದು, ಹೆಬ್ಬೆಟ್ಟಿನಿಂದ ಕಣ್ಣಿನ ಕೆಳರೆಪ್ಪೆ ಜಗ್ಗಿ ತೋರಿಸಿದ. ಒಳಗೆ ಕೆಂಪಿರಬೇಕಾದ ಕಡೆ ಸುಣ್ಣದಂತೆ ಬಿಳಿ.

"ನೋಡ್ದಾ? ಹೊಟ್ಟೆಹುಳ ರಕ್ತ ಕುಡ್ದಾಕೈತೆ. ಔಷ್ದಿ ಕುಡ್ಸಿ ಆಮೇಕ್ ಕೊಡ್ತೀನಿ. ಬ್ಯಾರೆ ತಕ್ಕೋ."

ಅಷ್ಟರಲ್ಲಿ ಅಂಬಮ್ಮ ಮಜ್ಜಿಗೆ ತಂದಳು. ಅಸ್ಗರ್ ಲೋಟ ತೆಗೆದುಕೊಂಡು, "ಅಕ್ಕ, ಇಳ್ದೋಗಿದ್ದೀಯಲ್ಲ. ಹುಷಾರಾಗಿದ್ದೀಯಾ?" ಅಂದ.

"ದಪ್ಪ ಇದ್ರೆ ನನ್ನೂ ತೂಕಕ್ಕೆ ಹಾಕ್ಬುಡ್ತೀಯ ಅಂತ ಹೆದ್ರಿಕೆ ಕಣಪ್ಪ," ಎಂದು ಅವಳು ನಕ್ಕಳು. ಅಸ್ಗರ್ ನಕ್ಕ.

"ಗೆಲುವಾಗವ್ಳೆ ಬುಡು," ಎಂದ ಬೀರಲಿಂಗಯ್ಯ. ಕುರಿಯ ದವಡೆ ಇನ್ನೂ ಅವನ ಕೈಯಲ್ಲೇ ಇತ್ತು.

ಆ ಹೊತ್ತಿಗೆ ಅವಳಿಗೆ ಮುಟ್ಟು ನಿಲ್ಲುವ ವಯಸ್ಸು. ಅದು ನಿಲ್ಲುವ ಬದಲು ಹರಿಯಲು ಶುರುವಾಗಿತ್ತು. ಒಂದು ತಿಂಗಳಿನದು ಇನ್ನೊಂದು ತಿಂಗಳಿಗೆ ತಾಗಿಕೊಂಡು ಬರುತ್ತಿತ್ತು. ಬಟ್ಟೆಯನ್ನು ನಸುಕಿನಲ್ಲೇ ಒಗೆದು, ದನದ ಕೊಟ್ಟಿಗೆಯ ಹಿಂದೆ ಒಣಹಾಕುತ್ತಿದ್ದಳು. ನೀರು ಸೇದಿದರೆ ಎದೆ ಡವಗುಟ್ಟುವುದು, ಕಣ್ಣು ಕತ್ತಲೆ ಇಡುವುದು. ಅವಳು ಹೇಳದೇ ಇರಲಿಲ್ಲ. "ಯಾಕೋ ಸುಸ್ತು ಕಣ್ರೀ, ಮೆಟ್ಲತ್ತಾಕಾಯ್ತಿಲ್ಲ," ಎಂದು ಹೇಳಿದಳು. ಹೇಳುವಾಗ ಹಲ್ಲು ಕಾಣುತ್ತಿತ್ತು. ಬೀರಲಿಂಗಯ್ಯ ಹಲ್ಲು ನೋಡಿದ.

ಒಡೆದ ಹೆಂಚಿನ ಚೂರು ಕಚ್ಚಿ ತಿನ್ನುವುದನ್ನೂ ಕಂಡ. "ಏನಮ್ಮಿ, ಈ ವಯಸ್ಸಲ್ಲಿ ಬಸುರಿ ಬಯಕೆನಾ?" ಎಂದು ಗೇಲಿ ಮಾಡಿದ. ಕುರಿ ಮಣ್ಣು ನೆಕ್ಕಿದರೆ ಮೈಯಲ್ಲಿ ಏನೋ ಕೊರತೆ ಎಂದು ಅವನಿಗೆ ಗೊತ್ತು. ಅದೇ ವಾರ ರೊಪ್ಪದಲ್ಲಿ ಉಪ್ಪಿನ ಗಟ್ಟಿ ಕಟ್ಟಿದ್ದ, ಕುರಿಗಳಿಗೆ.

ಕೊನೆಗೆ ಅಂಬಮ್ಮ ತಾನೇ ಕನಕಪುರದ ಒಂದು ಕ್ಲಿನಿಕ್ಕಿಗೆ ಹೊರಟಳು. ಜೊತೆಗೆ ಶಿವಲಕ್ಷ್ಮಿ. ಸಂಜೆ ವಾಪಸ್ಸು ಬಂದ ಶಿವಲಕ್ಷ್ಮಿ ಜಗಲಿಯ ಮೇಲೆ ನಿಂತು, ಕೈ ತಿರುಗಿಸಿ ತಿರುಗಿಸಿ ಹೇಳಿದಳು:

"ಒಳಕ್ಕೋದೇಟ್ಗೆ ಆ ಡಾಕ್ಟ್ರು ನನ್ ಮಕ ನೋಡ್ದ, 'ಮಲ್ಕೊಳಮ್ಮ' ಅಂದ. ನಾ ಅಲ್ಲ ಸಾಮಿ, ಇವ್ಳು ಅಂದೆ. 'ನೀ ಸುಮ್ನಿರು, ನಿಂಗೇ ಜಾಸ್ತಿ ಆಗೈತೆ' ಅಂತ ಬೀಪಿ ನೋಡ್ದ, ನಾಲ್ಗೆ ನೋಡ್ದ, ರಕ್ತ ತೆಗ್ಸ್ದ, ಗ್ಲೂಕೋಸ್ ಬ್ಯಾರೆ ಏರ್ಸ್ದ! ಎತ್ತು ಒದ್ರೂ ಬಿದ್ದೋಗ್ದಿರೋ ನಂಗೆ ಗ್ಲೂಕೋಸು ಭಾವ!"

"ಮತ್ತೆ ಇವ್ಳಿಗೆ?"

"ಇವ್ಳು ಪಕ್ಕದಲ್ಲಿ ಹಲ್ ಬುಟ್ಕೊಂಡು ನಿಂತಿದ್ಲು. 'ಏನಮ್ಮ ನಿಂಗೆ?' ಅಂದ. 'ಒಸಿ ಸುಸ್ತು ಸಾ, ಮುಟ್ಟು ಜಾಸ್ತಿ ಹೋಯ್ತದೆ' ಅಂದ್ಲು. 'ವಯಸ್ಸಲ್ವಾ, ಎಲ್ಲಾರ್ಗೂ ಹಂಗೇ' ಅಂತ ಗುಲಾಬಿ ಬಣ್ಣದ್ ಮಾತ್ರೆ ಕೊಟ್ಟ. 'ನಿಮ್ಮಕ್ಕನ್ನ ಚೆನ್ನಾಗ್ ನೋಡ್ಕೊ' ಅಂತ ನನ್ನ ತೋರ್ಸಿ ಹೇಳ್ಕಳ್ಸ್ದ!"

ಬೀರಲಿಂಗಯ್ಯ ಕಂಬಳಿಯ ಮೇಲೆ ಬಿದ್ದು ನಕ್ಕ. ಚಿಕ್ಕರಾಜು ನಕ್ಕ. ಅಂಬಮ್ಮನೂ ನಕ್ಕಳು, ನಗುತ್ತಾ ಗೋಡೆ ಹಿಡಿದು ಒಳಗೆ ಹೋದಳು. ಗೋಡೆ ಹಿಡಿದದ್ದನ್ನು ಯಾರೂ ಗಮನಿಸಲಿಲ್ಲ.

ಅದಾದ ಮೇಲಿನ ಬೆಳೆಗೆ ನಂಜಪ್ಪ ತನ್ನ ಖಾಲಿ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಮಂದೆ ಹಾಕಿಸಿದ್ದ. ಬೀರಲಿಂಗಯ್ಯ ಅಲ್ಲೇ ಇದ್ದ. ಹುಳ ಹಣ್ಣಾಗಿತ್ತು. ಚನ್ನಬಸಮ್ಮ ಬಂದು ಅಂಬಮ್ಮನನ್ನು ಕರೆದುಕೊಂಡು ಹೋಗಿದ್ದಳು. ಮೊದಲ ಹಿಡಿ ಬಿಟ್ಟಾಯಿತು. ಅಷ್ಟಕ್ಕೇ ಬಿಡುತ್ತಾರೆಯೇ, ಇಡೀ ದಿನ ಹುಳ ಆಯುವ ಕೆಲಸವೂ ಅವಳದೇ.

ಮಧ್ಯಾಹ್ನದ ಬಿಸಿಲಿಗೆ ಒಂದು ಮರಿ ಹುಳಮನೆಯ ಗೋಡೆಯ ನೆರಳಿಗೆ ಓಡಿತು. ಅದನ್ನು ಬೆನ್ನಟ್ಟಿ ಹಿಡಿದ ಬೀರಲಿಂಗಯ್ಯ ಕಿಟಕಿಯ ಹತ್ತಿರ ಬಂದಿದ್ದ. ನೊಣ ಬಾರದಂತೆ ಕಟ್ಟಿದ ಹಸಿರು ಬಲೆಯ ಹಿಂದೆ ಒಬ್ಬ ಹೆಂಗಸು ಹುಳ ಸಾಕುವ ತಟ್ಟೆಯ ಸ್ಟಾಂಡಿಗೆ ಹಣೆ ಒರಗಿಸಿ ನಿಂತಿದ್ದಳು. ಬಾಯಿ ತೆರೆದು ಜೋತಿತ್ತು. ಕೆನ್ನೆ ಇಳಿದಿತ್ತು. ಕಣ್ಣು ಅರೆ ಮುಚ್ಚಿ, ಯಾವುದನ್ನೂ ನೋಡುತ್ತಿರಲಿಲ್ಲ. ಮೂಗಿನ ಹೊಳ್ಳೆ ಉಬ್ಬಿ ಉಬ್ಬಿ ಗಾಳಿ ಎಳೆಯುತ್ತಿತ್ತು. ತುಟಿಗೆ ಬಣ್ಣವೇ ಇರಲಿಲ್ಲ. ಯಾರೋ ಹೊರಗಿನ ಕೂಲಿಯವಳು, ತುಂಬ ಕಾಯಿಲೆಯವಳು, ಎಂದುಕೊಂಡ.

"ಅಂಬಮ್ಮೋ, ಆ ಮೂಲೆ ತಟ್ಟೆ ಆಯ್ತೇನೇ?" ಎಂದು ಚನ್ನಬಸಮ್ಮ ಆ ತುದಿಯಿಂದ ಕೂಗಿದಳು.

ಆ ಮುಖ ಎದ್ದಿತು. ಸ್ವಿಚ್ಚು ಒತ್ತಿದಂತೆ ಹಲ್ಲು ಬಂತು, ಗುಳಿ ಬಂತು, ಕಣ್ಣು ಅರಳಿತು. "ಆಯ್ತು ಕಣವ್ವ, ಇನ್ನೊಂದೀಟು!" ಎಂದಿತು.

ಬೀರಲಿಂಗಯ್ಯನ ಕೈಯಲ್ಲಿದ್ದ ಮರಿ ಜಾರಿತು. ನಾಯಿಯ ವಾಸನೆ ಬಿದ್ದಾಗ ಸಾಯುವ ಕುರಿ ತಲೆ ಎತ್ತುವುದನ್ನು ಅವನು ಎಷ್ಟು ಸಲ ನೋಡಿಲ್ಲ! ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿ, ಹೆಂಡತಿಗೆ ತಿಳಿಯದ ಹಾಗೆ ಅವಳ ಮುಖವನ್ನು ನೋಡಿದ್ದು ಇದೇ ಮೊದಲು. ಹಾಗಾದರೆ ಅವಳು ತಲೆ ಎತ್ತುತ್ತಿದ್ದದ್ದು ಯಾರನ್ನು ಕಂಡು? ಚನ್ನಬಸಮ್ಮನನ್ನು ಕಂಡು. ಡಾಕ್ಟರನ್ನು ಕಂಡು. ತನ್ನನ್ನು ಕಂಡೂ.

ಹುಳಮನೆಗೆ ಹೊರಗಿನವರು ನುಗ್ಗುವಂತಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ತುಳಿದು, ಕೈಕಾಲು ತೊಳೆದೇ ಹೋಗಬೇಕು. ಬೀರಲಿಂಗಯ್ಯ ಕುರಿ ಹಿಕ್ಕೆ ಮೆತ್ತಿದ ಕಾಲಲ್ಲೇ ನುಗ್ಗಿದ.

"ಅಯ್ಯಯ್ಯೋ, ಆಚೆ ಹೋಗಯ್ಯ! ಹಣ್ಣಾಗಿರೋ ಹುಳ ಕಣಯ್ಯ, ಕುರಿ ಗಬ್ಬು ತಂದು..."

ಅವನು ಕೇಳಿಸಿಕೊಳ್ಳಲಿಲ್ಲ. ಅಂಬಮ್ಮನ ದವಡೆ ಹಿಡಿದು, ಹೆಬ್ಬೆಟ್ಟಿನಿಂದ ಕಣ್ಣಿನ ಕೆಳರೆಪ್ಪೆ ಜಗ್ಗಿದ. ಅವಳು ನಾಚಿ, "ಏ ಬುಡಿ, ಏನಿದು ಎಲ್ಲಾರ್ ಮುಂದೆ," ಎಂದು ನಕ್ಕಳು. ರೆಪ್ಪೆಯ ಒಳಗೆ ಬಿಳಿ. ಇನ್ನೊಂದು ಕಣ್ಣು ಜಗ್ಗಿದ. ಅಲ್ಲಿಯೂ ಬಿಳಿ.

"ನಡಿ," ಅಂದ.

"ಇನ್ನೆರಡು ಚಂದ್ರಿಕೆ ಐತೆ ಕಣಯ್ಯ," ಚನ್ನಬಸಮ್ಮ ಅಡ್ಡ ನಿಂತಳು. "ನಗ್ನಗ್ತಾ ಅವ್ಳಲ್ಲ, ಏನಾಗೈತೆ ಅವ್ಳಿಗೆ?"

"ಸಾಯ್ತಾ ಅವ್ಳೆ."

ಚನ್ನಬಸಮ್ಮ ಅಂಬಮ್ಮನ ಮುಖ ನೋಡಿದಳು. ಅಂಬಮ್ಮ ಅಭ್ಯಾಸದಂತೆ ನಕ್ಕಳು. "ನಿಂಗೆ ತಲೆ ಕೆಟ್ಟೈತೆ ಕಣೋ ಬೀರ," ಎಂದು ಚನ್ನಬಸಮ್ಮ ಹುಳಗಳತ್ತ ತಿರುಗಿದಳು.

ಫೋನು ಮಾಡಿದ ಮೇಲೆ ಅಸ್ಗರ್ ಕುರಿ ಸಾಗಿಸುವ ಗೂಡ್ಸ್ ಆಟೋ ತಂದ. ಅವಳನ್ನು ಮುಂದೆ ಕೂರಿಸಿ, ಬೀರಲಿಂಗಯ್ಯ ಹಿಂದೆ ನಿಂತ. ಪೇಟೆಯ ಆಸ್ಪತ್ರೆಯಲ್ಲಿ ಜನ ತುಂಬಿತ್ತು. ಸೌಮ್ಯ ಅನ್ನುವ ನರ್ಸು ಒಬ್ಬಳೇ ಎಲ್ಲರ ಮುಖ ನೋಡಿಕೊಂಡು ಬರುತ್ತಿದ್ದಳು. ನರಳುವವರು ಒಳಕ್ಕೆ. ಅಳುವ ಮಗು ಒಳಕ್ಕೆ. ಕೈ ಮುರಿದುಕೊಂಡು ಕಿರುಚುತ್ತಿದ್ದವನು ಒಳಕ್ಕೆ. ಅವಳ ತಪ್ಪು ಅನ್ನಲಾಗದು. ಅಷ್ಟು ಜನಕ್ಕೆ ಅವಳೊಬ್ಬಳನ್ನು ಬಿಟ್ಟವರದು ದೊಡ್ಡ ತಪ್ಪು. ಅಂಬಮ್ಮನ ಹತ್ತಿರ ಬಂದಳು. ಅಂಬಮ್ಮ ನಕ್ಕಳು. ಸೌಮ್ಯಳೂ ನಕ್ಕು, "ಕೂತ್ಕೊಳ್ಳಿ ಅಮ್ಮ, ಕರೀತೀವಿ," ಎಂದು ಮುಂದೆ ಹೋದಳು.

"ರಕ್ತ ಇಲ್ಲ ತಾಯಿ ಅವ್ಳಿಗೆ, ಕಣ್ಣು ನೋಡಿ," ಎಂದು ಬೀರಲಿಂಗಯ್ಯ ಹಿಂದೆ ಓಡಿದ.

"ಎಲ್ಲಾರ್ದೂ ಅರ್ಜೆಂಟೇ ಯಜಮಾನ್ರೆ. ಲೈನಲ್ಲಿರಿ."

ಬೀರಲಿಂಗಯ್ಯ ವಾಪಸ್ಸು ಬಂದು ಬೆಂಚಿನ ಮುಂದೆ ಕುಕ್ಕರುಗಾಲಲ್ಲಿ ಕೂತ. "ಲೇ, ನಗಬ್ಯಾಡ ಕಣೆ."

"ನಗ್ತಿಲ್ಲ ಕಣ್ರೀ."

"ನಗ್ತಾ ಇದ್ದೀಯ. ಹಲ್ ಮುಚ್ಚು. ಹುಬ್ಬು ಗಂಟಾಕು. ಶಿವಲಕ್ಷ್ಮಿ ತರ ಮಾಡು."

ಅಂಬಮ್ಮ ಪ್ರಯತ್ನಪಟ್ಟಳು. ತುಟಿ ಎಳೆದು ಹಲ್ಲು ಮುಚ್ಚಿದಳು, ಹುಬ್ಬು ಕೂಡಿಸಿದಳು, ಬಾಯಿಯ ಕೊನೆಯನ್ನು ಕೆಳಕ್ಕೆ ತರಲು ಹೆಣಗಿದಳು. ಒಂದು ಗಳಿಗೆ ನಿಂತಿತು. ಆಮೇಲೆ ವಾರಗಿತ್ತಿಗೆ ಗ್ಲೂಕೋಸು ಏರಿಸಿದ್ದು ನೆನಪಾಗಿರಬೇಕು, ನಿಜವಾಗಿಯೇ ನಗು ಬಂದುಬಿಟ್ಟಿತು. ಗಂಡ ಕೈ ಮುಗಿದ. ಅಸ್ಗರ್ ಮುಖ ತಿರುಗಿಸಿಕೊಂಡ. ಅವಳ ಕಣ್ಣಿನಿಂದ ನೀರು ಇಳಿಯತೊಡಗಿತು. ನಗು ಮಾತ್ರ ಹಾಗೇ ಇತ್ತು.

ಸೌಮ್ಯ ಮತ್ತೆ ಆ ದಾರಿಯಲ್ಲಿ ಬಂದಾಗ ಅಂಬಮ್ಮ ಅವಳ ಸೆರಗು ಹಿಡಿದಳು. "ಅಕ್ಕಾ, ನಾನು ಸಾಯ್ತಾ ಇವ್ನಿ."

"ಸಾಯೋರು ಹಿಂಗೆ ನಗ್ತಾರಾ ಅಮ್ಮ?" ಎಂದಳು ಸೌಮ್ಯ, ಪ್ರೀತಿಯಿಂದಲೇ.

ಉತ್ತರ ಹೇಳಲು ಎದ್ದು ನಿಂತ ಅಂಬಮ್ಮ ಹಾಗೇ ಮುಂದಕ್ಕೆ ಬಿದ್ದಳು. ಅವಳು ಕೂತಿದ್ದ ಬೆಂಚಿನ ಮೇಲೆ ರಕ್ತ ಇತ್ತು, ಬೆಂಚಿನ ಕಾಲಿನ ಗುಂಟ ಇಳಿದು ನೆಲದ ಮೇಲೂ ಇತ್ತು. ಆಗ ಓಡಿ ಬಂದರು. ಆಗ ಸ್ಟ್ರೆಚರು ಬಂತು.

ರಕ್ತ ರಾಮನಗರದಿಂದ ತರಬೇಕಾಯಿತು. ಅಸ್ಗರನ ಅಣ್ಣ ಫಕ್ರುದ್ದೀನ್ ಅಂಗಡಿ ಮುಚ್ಚಿ ಹೋಗಿ, ತನ್ನದು ಕೊಟ್ಟು, ಅದರ ಬದಲಿಗೆ ಅವಳಿಗೆ ಹೊಂದುವುದನ್ನು ತಂದ. ಆಮೇಲೆ ಗರ್ಭಕೋಶ ತೆಗೆದರು. ಒಳಗೆ ಗಡ್ಡೆ ಇದ್ದವು. ಲೇಡಿ ಡಾಕ್ಟರು ಎದೆಯ ಸ್ಕ್ಯಾನಿಂಗ್ ನೋಡಿ, ರಕ್ತವಿಲ್ಲದೆ ಪಂಪು ಹೊಡೆದೂ ಹೊಡೆದೂ ಗುಂಡಿಗೆ ಊದಿಕೊಂಡಿದೆ, ಇನ್ನು ಪೂರಾ ಮೊದಲಿನಂತೆ ಆಗುವುದು ಕಷ್ಟ, ಭಾರ ಎತ್ತಬಾರದು ಎಂದರು. "ಇಷ್ಟು ದಿನ ಏನ್ ನೋಡ್ತಾ ಇದ್ರಿ?" ಎಂದು ಕೇಳಿದರು. ಬೀರಲಿಂಗಯ್ಯ ನೆಲ ನೋಡಿದ.

ಅವಳು ಮಾತಾಡುವಷ್ಟಾದಾಗ ಅವನು ಕೇಳಿದ, "ಇಷ್ಟಿದ್ರೂ ಯಾಕೆ ಯೋಳ್ಲಿಲ್ಲ?"

"ಯೋಳ್ದೆ," ಎಂದಳು ಅಂಬಮ್ಮ. "ಎಷ್ಟು ಕಿತ ಯೋಳ್ದೆ. ನೀವು ಮಕ ನೋಡ್ದ್ರಿ. ಮಾತು ಕೇಳ್ಲಿಲ್ಲ."

ಅವನು ಸ್ಟೂಲನ್ನು ಅವಳ ತಲೆದಿಂಬಿನ ಹತ್ತಿರಕ್ಕೆ ಎಳೆದುಕೊಂಡು ಕೂತ.

ಹಟ್ಟಿಗೆ ಬಂದ ಮೇಲೆ ಒಂದು ಬದಲಾವಣೆಯಾಗಿತ್ತು. ಅಂಬಮ್ಮ ನಗುವುದನ್ನು ಬಿಟ್ಟಿದ್ದಳು. ಹಲ್ಲು ಎಲ್ಲಿಗೆ ಹೋದಾವು, ಇದ್ದಲ್ಲೇ ಇದ್ದವು. ಆದರೆ ಕೆನ್ನೆ ಎತ್ತುವುದನ್ನು, ಕಣ್ಣು ಅರಳಿಸುವುದನ್ನು ಅವಳು ನಿಲ್ಲಿಸಿದ್ದಳು. ಯಾರಾದರೂ ಬಂದರೆ ಇದ್ದ ಮುಖದಲ್ಲೇ ಮಾತಾಡುತ್ತಿದ್ದಳು. ಹೊಟ್ಟೆ ತುಂಬ ಉಣ್ಣುತ್ತಿದ್ದಳು. ಹೆಂಚು ತಿನ್ನುವುದು ಬಿಟ್ಟಿತು. ತುಟಿಗೆ ಬಣ್ಣ ಬಂತು. ನೋಡಲು ಬಂದವರೆಲ್ಲ ಬಾಗಿಲು ದಾಟುತ್ತಲೇ ಪಿಸುಗುಟ್ಟಿದರು: "ಪಾಪ, ಇನ್ನೂ ವಾಸಿಯಾಗಿಲ್ಲ. ಮಕ ನೋಡು, ಸಪ್ಪಗವ್ಳೆ." ಸಾಯಲು ಹೊರಟಿದ್ದಾಗ ಗಟ್ಟಿಮುಟ್ಟು ಎಂದವರು ಬದುಕಿಕೊಂಡ ಮೇಲೆ ಕಾಯಿಲೆ ಎಂದರು.

ಚನ್ನಬಸಮ್ಮ ಹಣ್ಣು ಹಿಡಿದುಕೊಂಡು ಬಂದಳು. ಒಳ್ಳೆಯ ಮಾತೇ ಆಡಿದಳು. ಆ ದಿನ ತಿಳಿಯಲಿಲ್ಲ ಕಣವ್ವ ಎಂದಳು. ಎದ್ದು ಹೊರಡುವಾಗ, "ಈ ಬೆಳೆ ಹಣ್ಣಾದಾಗ ಒಂದೀಟು ಬಂದೋಗು. ಕೆಲ್ಸ ಮಾಡ್ಬ್ಯಾಡ. ನಗ್ತಾ ಒಂದಿಡಿ ಬುಟ್ಬುಡು, ಸಾಕು."

"ಬತ್ತೀನಿ," ಎಂದಳು ಅಂಬಮ್ಮ. "ನಗಾಕಿಲ್ಲ."

"ಒಂದು ಗಳಿಗೆ ಕಣೆ."

"ಒಂದು ಗಳಿಗೆನೂ ಇಲ್ಲ."

ಚನ್ನಬಸಮ್ಮ ಮತ್ತೆ ಕರೆಯಲಿಲ್ಲ. ಅವಳಿಗೆ ಬೇರೆ ಮುಖ ಸಿಕ್ಕಿತು. ಶಿವಲಕ್ಷ್ಮಿಗೆ ಹೊಸ ಸೊಸೆ ಬಂದಿದ್ದಳು, ಭಾನುಪ್ರಿಯ. ಮೂರು ಮಾತಿಗೆ ಆರು ಸಲ ನಗುವ ಹುಡುಗಿ. "ಅತ್ತೆ ಹಂಗೆ, ಸೊಸೆ ಹಿಂಗೆ," ಎಂದು ಹಟ್ಟಿಗೆಲ್ಲ ಬೆರಗು. ಚನ್ನಬಸಮ್ಮ ನಸುಕಿನಲ್ಲೇ ಬಂದು ಅವಳನ್ನು ಕರೆದುಕೊಂಡು ಹೋದಳು. ಗೂಡು ಚೆನ್ನಾಗಿ ಬಂತು, ರಾಮನಗರದ ಮಾರುಕಟ್ಟೆಯಲ್ಲಿ ಒಳ್ಳೆ ರೇಟು ಬಂತು. ಹುಡುಗಿಗೆ ಬಾಳೆಹಣ್ಣು ಬಂತು.

ಬೀರಲಿಂಗಯ್ಯ ಒಂದು ಬೆಳಿಗ್ಗೆ ಕುರಿ ಬಿಡುವ ಮೊದಲು ತಮ್ಮನ ಮನೆಗೆ ಹೋದ. ಶಿವಲಕ್ಷ್ಮಿ ಅಂಗಳ ಗುಡಿಸುತ್ತಿದ್ದಳು.

"ಸೊಸೇನ ಆಸ್ಪತ್ರೆಗೆ ಕರ್ಕೊಂಡೋಗಿ ರಕ್ತ ಪರೀಕ್ಷೆ ಮಾಡ್ಸು."

"ಅವ್ಳಿಗೇನಾಗೈತೆ ಭಾವ? ನಗ್ನಗ್ತಾ..." ಎಂದವಳು ಅರ್ಧಕ್ಕೆ ನಿಂತಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, "ಬಸ್ಸು ಬರೋ ಹೊತ್ತಾಯ್ತು, ಈಗ ಎಲ್ಲಿ ಹೊರಡಾದು. ಕೆಲ್ಸ ಐತೆ. ಇನ್ನೊಂದಿನ ನೋಡನ."

ಬೀರಲಿಂಗಯ್ಯ ಅವರ ಹೊಸ್ತಿಲ ಮೇಲೆ ಕಂಬಳಿ ಹಾಸಿ ಕೂತ. "ನೀವು ಹೊರಡೋವರ್ಗೂ ಎದ್ದೇಳಾಕಿಲ್ಲ."

"ಏನ್ ಭಾವ ಇದು, ಧರಣಿ ಕೂತಂಗೆ!"

"ಹೂಂ ಅಂದ್ಕೊ."

ರೊಪ್ಪದಲ್ಲಿ ಕುರಿಗಳು ಅರಚತೊಡಗಿದವು. ಅವನು ಕದಲಲಿಲ್ಲ. ಭಾನುಪ್ರಿಯ ಬಾಗಿಲ ಸಂದಿನಿಂದ ನೋಡಿ ಕಿಸಕ್ಕನೆ ನಕ್ಕಳು. ಬೀರಲಿಂಗಯ್ಯ ಅವಳ ಮುಖ ನೋಡಲಿಲ್ಲ. "ಮಗಾ, ನಿಂಗೆ ಮೈಯಾಗೆ ಹೆಂಗೈತೆ?" ಎಂದು ಕೇಳಿ, ತಲೆ ಬಗ್ಗಿಸಿ, ಕಿವಿ ಕೊಟ್ಟು ಕೂತ. ಹುಡುಗಿ, "ಏನಿಲ್ಲ ದೊಡ್ಮಾವ," ಎಂದಳು. ಅವನು ಇನ್ನೊಂದು ಸಲ ಕೇಳಿದ. ನಗು ನಿಂತಿತು. ಆಮೇಲೆ ಅವಳು ಸಣ್ಣ ದನಿಯಲ್ಲಿ, "ಬೆಳಿಗ್ಗೆ ಎದ್ದೇಟ್ಗೆ ಕಣ್ಣು ಕತ್ಲೆ ಇಡ್ತದೆ," ಎಂದಳು. ಶಿವಲಕ್ಷ್ಮಿ ಪೊರಕೆ ಬಿಸಾಕಿ ಸೀರೆ ಬದಲಾಯಿಸಲು ಒಳಗೆ ಹೋದಳು.

ಈಗ ನಿಮ್ಮ ಸರದಿ. ಇವತ್ತು ನಿಮಗೆ ನಗುನಗುತ್ತಾ ಊಟ ಬಡಿಸಿದವಳು, ನಿಮ್ಮ ಅಂಗಳ ಗುಡಿಸಿದವಳು, ನಿಮ್ಮ ಫ್ಯಾಕ್ಟರಿಯ ಗೇಟಿನಲ್ಲಿ ಸೆಲ್ಯೂಟು ಹೊಡೆದವನು, ಇವರಲ್ಲಿ ಒಬ್ಬರ ಹತ್ತಿರ ಹೋಗಿ. ಮುಖ ನೋಡಬೇಡಿ. ಮೈಗೆ ಹೇಗಿದೆ ಎಂದು ಕೇಳಿ. 'ಏನಿಲ್ಲ' ಅಂದರೆ ಎರಡನೇ ಸಲ ಕೇಳಿ. ಹೇಳಿದ್ದನ್ನು ನಂಬಿ. ಆಸ್ಪತ್ರೆಗೆ ನೀವೇ ಕರೆದುಕೊಂಡು ಹೋಗಿ, ಆ ದಿನದ ಸಂಬಳ ಮುರಿಯಬೇಡಿ. ನಾಳೆ ಅನ್ನಬೇಡಿ. ಎದ್ದೇಳಿ.